ಬಿದ್ದ ಮೇಲಿನ ವರ್ಷಗಳು

ರಸ್ತೆಯಲ್ಲಿ ಬೈಕು ಉರುಳಿದರೆ ಪೊಲೀಸರು ಬರುತ್ತಾರೆ, ದೂರು ದಾಖಲಾಗುತ್ತದೆ, ವಿಮೆಯ ಮಾತು ಏಳುತ್ತದೆ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಸುದ್ದಿಯಾಗುತ್ತದೆ. ಅದೇ ದಿನ ನಸುಕಿನಲ್ಲಿ ಬಚ್ಚಲಿಗೆ ಹೋದ ಅಜ್ಜಿ ಜಾರಿ ಬಿದ್ದರೆ ಸುದ್ದಿ ಓಣಿ ದಾಟುವುದಿಲ್ಲ. ಆಕೆ ಹಾಸಿಗೆ ಹಿಡಿದು ನಾಲ್ಕು ತಿಂಗಳಿಗೆ ತೀರಿಕೊಂಡರೆ ಎಲ್ಲರೂ ಹೇಳುವುದು ವಯಸ್ಸಾಗಿತ್ತು ಎಂದೇ. ಬಿದ್ದದ್ದಕ್ಕೂ ಸತ್ತದ್ದಕ್ಕೂ ನಡುವಿನ ಆ ನಾಲ್ಕು ತಿಂಗಳನ್ನು ಯಾರೂ ಬರೆದಿಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದು. ಹೀಗೆ ಸಾಯುವವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶದವರು. ವೈದ್ಯರ ಬಳಿ ಹೋಗಲೇಬೇಕಾದಷ್ಟು ಪೆಟ್ಟು ಬೀಳುವ ಪ್ರಸಂಗಗಳು ವರ್ಷಕ್ಕೆ 3.73 ಕೋಟಿ. ಸತ್ತವರ ಲೆಕ್ಕ ಹೇಗೋ ಸಿಗುತ್ತದೆ. ಉಳಿದುಕೊಂಡು ಕುಂಟುತ್ತ, ತೆವಳುತ್ತ, ಮಂಚಕ್ಕೆ ಅಂಟಿಕೊಂಡು ದಿನ ದೂಡುವವರ ಲೆಕ್ಕ ಸಿಗುವುದಿಲ್ಲ. ಅವರ ಪ್ರಶ್ನೆಯನ್ನು ಜಗಳೂರಿನಂಥ ಒಂದು ತಾಲ್ಲೂಕಿನಲ್ಲಿ ನಿಂತು ನೋಡಿದರೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಾಣದ ಕೆಲವು ಸಂಗತಿಗಳು ಕಾಣುತ್ತವೆ.

ಜಗಳೂರು ಮೊದಲು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಬರದ ತಾಲ್ಲೂಕು ಎಂಬ ಹೆಸರು ಮಾತ್ರ ಜಿಲ್ಲೆ ಬದಲಾದರೂ ಬದಲಾಗಲಿಲ್ಲ. ಮೆಕ್ಕೆಜೋಳ, ಈರುಳ್ಳಿ, ಶೇಂಗಾದ ಕೆಲಸ ಬಂತೆಂದರೆ ನಡೆಯಬಲ್ಲವರೆಲ್ಲ ಹೊಲದಲ್ಲಿರುತ್ತಾರೆ, ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಚಿಕ್ಕ ಮಕ್ಕಳು. ನಲ್ಲಿ ನೀರು ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿ ಬಚ್ಚಲ ದಾರಿಯಲ್ಲೇ ಸಾಲಾಗಿ ಕೂರುತ್ತವೆ. ಚೆಲ್ಲಿದ ನೀರು ಬಾಗಿಲ ಬುಡದಲ್ಲಿ ನಿಲ್ಲುತ್ತದೆ. ಸೆಗಣಿ ಸಾರಿಸಿದ ನೆಲ ಕಾಲು ಹಿಡಿಯುತ್ತಿತ್ತು. ಈಗ ಸಾಲ ಮಾಡಿ ಹಾಸಿದ ಹೊಳೆಯುವ ಟೈಲ್ಸಿನ ಮೇಲೆ ನೀರು ಬಿದ್ದರೆ ಹರೆಯದವರೂ ಜಾರುತ್ತಾರೆ. ಶೌಚಾಲಯ ಕಟ್ಟಿಸಿದ್ದಾಗಿದೆ, ಆದರೆ ಎಷ್ಟೋ ಕಡೆ ಅದು ಹಿತ್ತಲಿನಲ್ಲಿ, ಎರಡು ಎತ್ತರದ ಮೆಟ್ಟಿಲ ಮೇಲೆ, ಹಿಡಿದುಕೊಳ್ಳಲು ಏನೂ ಇಲ್ಲದೆ ನಿಂತಿದೆ. ರಾತ್ರಿ ಕರೆಂಟು ಹೋದರೆ ಆ ಮೆಟ್ಟಿಲು ಕಾಣುವುದಿಲ್ಲ. ಹಳೆಯ ಮಾಳಿಗೆ ಮನೆಗಳಿಗೆ ಎತ್ತರದ ಹೊಸ್ತಿಲು, ಕಡಿದಾದ ಏಣಿ. ಹೊಸ ಆರ್‌ಸಿಸಿ ಮನೆಗಳ ತಾರಸಿಗೆ ಕೈಗೋಡೆ ಕಟ್ಟುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ. ಅಲ್ಲೇ ಮೆಣಸಿನಕಾಯಿ ಒಣಗುತ್ತದೆ, ಅಲ್ಲೇ ಮಕ್ಕಳು ಗಾಳಿಪಟ ಬಿಡುತ್ತಾರೆ.

ಬೀಳುವ ಜಾಗಗಳ ಬಗ್ಗೆ ಇಷ್ಟು ಸಾಕು. ಬಿದ್ದ ಮೇಲೆ ಏನಾಗುತ್ತದೆ ಎಂಬುದು ಹೆಚ್ಚು ಮುಖ್ಯ, ಮತ್ತು ಅದರಲ್ಲಿ ಮೊದಲ ಮಾತು ಸೊಂಟದ್ದು.

ಊರಿನವರು ಸೊಂಟ ಮುರಿಯಿತು ಎನ್ನುವುದು ಬಹುಪಾಲು ತೊಡೆಮೂಳೆಯ ಮೇಲ್ತುದಿಯ ಮುರಿತ. ಅದರಲ್ಲಿ ಎರಡು ಬಗೆ. ಒಂದು ಕೀಲಿನ ಚೀಲದ ಒಳಗೆ, ಮೂಳೆಯ ಕುತ್ತಿಗೆಯಲ್ಲಿ ಮುರಿಯುವುದು. ಇನ್ನೊಂದು ಚೀಲದ ಹೊರಗೆ, ಸ್ವಲ್ಪ ಕೆಳಗೆ ಮುರಿಯುವುದು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1822ರಲ್ಲೇ ಬರೆದಿದ್ದ. ಒಳಗಿನ ಮುರಿತದಲ್ಲಿ ಗುಂಡಿನಂಥ ತುದಿಗೆ ರಕ್ತ ಒಯ್ಯುವ ನಾಳಗಳೇ ಹರಿದು ಹೋಗುತ್ತವೆ. ರಕ್ತ ಸಿಗದ ಮೂಳೆ ಕೂಡುವುದಿಲ್ಲ, ಕೂಡಿದರೂ ತಿಂಗಳುಗಳ ನಂತರ ಒಳಗೊಳಗೇ ಸತ್ತು ಕುಸಿಯುತ್ತದೆ. ವಯಸ್ಸಾದವರಲ್ಲಿ ಇದಕ್ಕೆ ಸಾಮಾನ್ಯವಾಗಿ ಆ ಗುಂಡನ್ನೇ ತೆಗೆದು ಲೋಹದ್ದನ್ನು ಕೂರಿಸುತ್ತಾರೆ, ಜನರ ಮಾತಿನಲ್ಲಿ ಬಾಲ್ ಹಾಕುತ್ತಾರೆ. ಹೊರಗಿನ ಮುರಿತಕ್ಕೆ ರಾಡು ಹಾಕಿ ಬಿಗಿಯುತ್ತಾರೆ.

ಇಲ್ಲಿಯೇ ನಾಟಿ ಕಟ್ಟಿನ ಪ್ರಶ್ನೆ ಬರುತ್ತದೆ. ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಬಿದಿರಿನ ದಬ್ಬೆ, ಬಟ್ಟೆಯ ಸುತ್ತು. ಆಂಧ್ರದ ಪುತ್ತೂರಿನ ಕಟ್ಟಿನಿಂದ ಹಿಡಿದು ಊರೂರಿನ ಎಲುಬು ಕಟ್ಟುವವರವರೆಗೆ ಇದಕ್ಕೆ ದೊಡ್ಡ ನಂಬಿಕೆಯಿದೆ. ಆ ನಂಬಿಕೆ ಸುಳ್ಳಿನ ಮೇಲೆ ನಿಂತದ್ದಲ್ಲ. ಜರುಗದೆ ಸೀಳಿದ ಮುಂಗೈ ಮೂಳೆ ಅಲುಗಾಡದಂತೆ ಕಟ್ಟಿದರೆ ಕೂಡಿಕೊಳ್ಳುತ್ತದೆ, ಕಟ್ಟಿದವರು ಯಾರಾದರೂ ಸರಿ. ಅಂಥ ನೂರು ಕೈಗಳ ಹೆಸರು ನೂರೊಂದನೆಯ ಸೊಂಟಕ್ಕೆ ಕೆಲಸ ಮಾಡುವುದಿಲ್ಲ. ತೊಡೆಯ ಮೇಲ್ತುದಿಯನ್ನು ಹೊರಗಿನಿಂದ ದಬ್ಬೆ ಕಟ್ಟಿ ಹಿಡಿದಿಡಲು ಸಾಧ್ಯವೇ ಇಲ್ಲ, ಅದರ ಸುತ್ತ ಅಷ್ಟು ಮಾಂಸವಿದೆ. ಆದರೂ ಆರು ವಾರ ಮಲಗಿಸಿ ಎಣ್ಣೆ ನೀವುತ್ತಾರೆ. ಆ ಹೊತ್ತಿಗೆ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿ ನಿಂತಿರುತ್ತದೆ. ಬಿದ್ದ ದಿನವೇ ಆ ಎರಡು ಲಕ್ಷಣ ಕಂಡರೆ ಕಟ್ಟಿಸುವ ಮಾತೇ ಬೇಡ, ಎಕ್ಸ್‌ರೇ ಇರುವಲ್ಲಿಗೆ ಹೋಗಬೇಕು.

ಎಷ್ಟು ಬೇಗ? ಭಾರತವೂ ಸೇರಿ 17 ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಸುಮಾರು 3,000 ಸೊಂಟ ಮುರಿತದ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರೋಗ ಖಚಿತವಾದ ಆರು ಗಂಟೆಯ ಆಸುಪಾಸಿನಲ್ಲೇ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಒಂದು ದಿನದ ನಂತರ. ಸಾವಿನ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬೇಗ ಮಾಡಿಸಿಕೊಂಡವರಲ್ಲಿ ಬುದ್ಧಿಭ್ರಮೆ ಕಡಿಮೆಯಾಯಿತು, ಅವರು ಬೇಗ ಎದ್ದು ನಿಂತರು. ಹಾಗಾದರೆ ಅವಸರ ಬೇಡ ಎಂದು ಇದನ್ನು ಓದಬಾರದು. ಅಲ್ಲಿ ನಿಧಾನ ಎಂದರೆ ಒಂದು ದಿನ. ನಮ್ಮಲ್ಲಿ ನಿಧಾನ ಎಂದರೆ ವಾರಗಳು: ಮೊದಲು ಎಣ್ಣೆ, ಆಮೇಲೆ ಕಟ್ಟು, ಆಮೇಲೆ ಮಗ ಬೆಂಗಳೂರಿನಿಂದ ಬರುವವರೆಗೆ ಕಾಯುವುದು, ಆಮೇಲೆ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ದಾವಣಗೆರೆ. ಸೊಂಟ ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಒಂದು ವರ್ಷದೊಳಗೆ ಸಾಯುತ್ತಾರೆ ಎಂಬುದು ಹಲವು ದೇಶಗಳ ಅನುಭವ. ಉಳಿದವರಲ್ಲಿ ಅರ್ಧದಷ್ಟು ಜನ ಮೊದಲಿನಂತೆ ನಡೆಯುವುದಿಲ್ಲ.

ಮುರಿತವೇ ಇಲ್ಲದೆಯೂ ಬೀಳುವಿಕೆ ಕೊಲ್ಲುತ್ತದೆ ಎಂದರೆ ನಂಬುವುದು ಕಷ್ಟ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವೈಲ್ಡ್, ನಾಯಕ್ ಮತ್ತು ಐಸಾಕ್ಸ್ ಎಂಬ ಮೂವರು ಮನೆಯಲ್ಲಿ ಬಿದ್ದ ವೃದ್ಧರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಒಂದು ಗಂಟೆಗಿಂತ ಹೆಚ್ಚು ಹೊತ್ತು ನೆಲದ ಮೇಲೇ ಬಿದ್ದಿದ್ದವರಲ್ಲಿ ಅರ್ಧದಷ್ಟು ಜನ ಆರು ತಿಂಗಳೊಳಗೆ ತೀರಿಕೊಂಡಿದ್ದರು. ಒತ್ತಿದ ಮಾಂಸಖಂಡ ಕರಗಿ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ, ಮೈ ತಣ್ಣಗಾಗುತ್ತದೆ, ನೀರಿನಂಶ ಇಳಿಯುತ್ತದೆ, ಶ್ವಾಸಕೋಶದಲ್ಲಿ ಸೋಂಕು ಹತ್ತುತ್ತದೆ. ಜೊತೆಗೆ, ಅಷ್ಟು ಹೊತ್ತು ಏಳಲಾಗಲಿಲ್ಲ ಎಂಬುದೇ ಮೈಯಲ್ಲಿ ಶಕ್ತಿ ಎಷ್ಟು ಕುಂದಿತ್ತು ಎಂಬುದರ ಸೂಚನೆ. ಅಮೆರಿಕದ ಮೇರಿ ಟಿನೆಟಿ 1993ರಲ್ಲಿ ತೋರಿಸಿದ್ದು ಇನ್ನೂ ಆಶ್ಚರ್ಯದ ಸಂಗತಿ: ಬಿದ್ದರೂ ಗಾಯವಾಗದ ವೃದ್ಧರಲ್ಲೇ ಶೇ 47ರಷ್ಟು ಮಂದಿ ಒಂದು ಸಲವಾದರೂ ಬೇರೆಯವರ ಸಹಾಯವಿಲ್ಲದೆ ಏಳಲಾಗದೆ ಬಿದ್ದಿದ್ದರು. ಈರುಳ್ಳಿ ಕೀಳುವ ದಿನ ಬೆಳಗ್ಗೆ ಎಂಟಕ್ಕೆ ಹೊರಟವರು ಸಂಜೆ ಮನೆಗೆ ಬರುವ ಊರಿನಲ್ಲಿ ಈ ಸಂಖ್ಯೆಯ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನ ಒಂದು ಸಲ ಪಕ್ಕದ ಮನೆಯವರು ಇಣುಕಿ ನೋಡುವ ಹಳೆಯ ರೂಢಿ ಯಾವ ಎಚ್ಚರಿಕೆ ಗಂಟೆಗಿಂತಲೂ ಮೇಲು. ಕೇಂಬ್ರಿಡ್ಜಿನಲ್ಲಿ ತೊಂಬತ್ತು ದಾಟಿದವರ ಅಧ್ಯಯನ ನಡೆದಾಗ ಅವರಲ್ಲಿ ಬಹಳ ಜನರ ಮನೆಯಲ್ಲಿ ಕರೆಗಂಟೆಯ ಸಾಧನವಿತ್ತು. ಬಿದ್ದಾಗ ಅದನ್ನು ಒತ್ತಿದವರು ಬಹಳ ಕಡಿಮೆ.

ಇನ್ನು ಹಾಸಿಗೆ. ಬಿದ್ದವರಿಗೆ ವಿಶ್ರಾಂತಿ ಬೇಕು ಎಂಬುದು ನಮ್ಮ ಮನೆಗಳ ಪ್ರೀತಿಯ ಮಾತು, ಮತ್ತು ಅಪಾಯದ ಮಾತು. ಆರೋಗ್ಯವಂತ ವೃದ್ಧರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ 2007ರ ಒಂದು ಪ್ರಯೋಗದಲ್ಲಿ ಕಾಲಿನ ಮಾಂಸಖಂಡ ಸರಾಸರಿ ಒಂದು ಕಿಲೋದಷ್ಟು ಕರಗಿತ್ತು. ಹತ್ತೇ ದಿನಕ್ಕೆ. ಆರು ವಾರ ಮಲಗಿದ ಎಪ್ಪತ್ತರ ಅಜ್ಜನಿಗೆ ಮೂಳೆ ಕೂಡಿದರೂ ಅದನ್ನು ಎತ್ತುವ ಮಾಂಸ ಇರುವುದಿಲ್ಲ. ಬೆನ್ನು, ಹಿಮ್ಮಡಿ, ಕುಂಡೆಯ ಮೇಲೆ ಹಾಸಿಗೆ ಹುಣ್ಣು ಏಳುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆಯಾದ ಬಟ್ಟೆ ತಕ್ಷಣ ತೆಗೆಯಬೇಕು, ದಿನವೂ ತೊಳೆಯಬೇಕು. ಮೂರು ದಿನಕ್ಕೊಮ್ಮೆ ನೀರು ಬರುವ ಮನೆಯಲ್ಲಿ ಆ ನೀರನ್ನು ಹೊರುವವಳು ಸೊಸೆ ಅಥವಾ ಮಗಳು. ಅವಳ ಕೂಲಿ ನಿಲ್ಲುತ್ತದೆ, ಒಮ್ಮೊಮ್ಮೆ ಮೊಮ್ಮಗಳ ಶಾಲೆಯೂ. ಒಬ್ಬರು ಬಿದ್ದರೆ ಮನೆಯಲ್ಲಿ ಇಬ್ಬರ ದುಡಿಮೆ ಹೋಗುತ್ತದೆ. ಆಸ್ಪತ್ರೆಯ ಬಿಲ್ಲಿನಲ್ಲಿ ಇದರ ಸಾಲು ಇರುವುದಿಲ್ಲ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿ ಮನೆಗೆ ಬಂದವರಿಗೂ ಬದುಕು ಬದಲಾಗಿರುತ್ತದೆ. ಬಾಲ್ ಹಾಕಿಸಿಕೊಂಡವರಿಗೆ ವೈದ್ಯರು ಹೇಳುವ ಮೊದಲ ಮಾತು: ಕುಕ್ಕರುಗಾಲಲ್ಲಿ ಕೂರಬೇಡಿ, ನೆಲದ ಮೇಲೆ ಚಕ್ಕಂಬಕ್ಕಲ ಹಾಕಬೇಡಿ. ಮಂಚ, ಮೇಜು, ಕಮೋಡು ಇರುವ ಮನೆಯವರಿಗೆ ಇದು ಸಣ್ಣ ನಿಯಮ. ನೆಲದ ಮೇಲೆ ಉಂಡು, ನೆಲದ ಮೇಲೆ ಮಲಗಿ, ಒಲೆಯ ಮುಂದೆ ಕೂತು ರೊಟ್ಟಿ ಬಡಿದು, ಕುಕ್ಕರುಗಾಲಲ್ಲಿ ಶೌಚಕ್ಕೆ ಕೂರುವವರಿಗೆ ಇದು ದಿನದ ಪ್ರತಿ ಗಳಿಗೆಯನ್ನೂ ಮುಟ್ಟುತ್ತದೆ. ತೂತಿನ ಪ್ಲಾಸ್ಟಿಕ್ ಕುರ್ಚಿ ಒಂದು ಬರುತ್ತದೆ, ಆದರೆ ಅದನ್ನು ಇಡುವಷ್ಟು ಜಾಗ ಹಿತ್ತಲ ಶೌಚಾಲಯದಲ್ಲಿ ಇರುವುದಿಲ್ಲ. ಪಂಕ್ತಿಯಲ್ಲಿ ಕೂತು ಉಣ್ಣಲಾಗದವರು ಮದುವೆ, ಜಾತ್ರೆಗೆ ಹೋಗುವುದನ್ನೇ ಬಿಡುತ್ತಾರೆ. ನಮ್ಮ ಮೂಳೆ ವೈದ್ಯರು ಶಸ್ತ್ರಚಿಕಿತ್ಸೆಗೆ ಮೊದಲೇ ಮನೆಯ ಶೌಚಾಲಯ ಹೇಗಿದೆ ಎಂದು ಕೇಳಿದರೆ ಅರ್ಧ ಪುನರ್ವಸತಿ ಅಲ್ಲೇ ಶುರುವಾಗುತ್ತದೆ.

ಕೆಲವು ಪೆಟ್ಟುಗಳು ತಡವಾಗಿ ಮಾತಾಡುತ್ತವೆ. ತಲೆ ತಗುಲಿದಾಗ ಬುಗುಟೆ ಬಂತು, ಇಳಿಯಿತು, ಮರೆತೂ ಹೋಯಿತು. ಮೂರು ನಾಲ್ಕು ವಾರದ ಮೇಲೆ ಅಜ್ಜ ಮಂಕಾಗುತ್ತಾರೆ, ಹೆಸರು ತಪ್ಪುತ್ತಾರೆ, ಒಂದು ಕಾಲು ಎಳೆಯುತ್ತಾರೆ. ಮನೆಯವರು ಅರಳು ಮರುಳು ಎಂದುಕೊಳ್ಳುತ್ತಾರೆ. ವಯಸ್ಸಿನಲ್ಲಿ ಮಿದುಳು ಸ್ವಲ್ಪ ಕುಗ್ಗಿರುವುದರಿಂದ ಅದರ ಹೊದಿಕೆಗೆ ಸೇರುವ ಸಣ್ಣ ರಕ್ತನಾಳಗಳು ಜಗ್ಗಿ ನಿಂತಿರುತ್ತವೆ. ಚಿಕ್ಕ ಪೆಟ್ಟಿಗೂ ಹರಿದು ರಕ್ತ ವಾರಗಟ್ಟಲೆ ಜಿನುಗುತ್ತದೆ. ಹೃದಯಕ್ಕೆಂದು ರಕ್ತ ತೆಳು ಮಾಡುವ ಮಾತ್ರೆ ನುಂಗುವವರಲ್ಲಿ ಈ ಅಪಾಯ ಹೆಚ್ಚು. ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತದೆ, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ರಕ್ತ ಹೊರಬಿಟ್ಟರೆ ಬಹುತೇಕರು ಮೊದಲಿನಂತಾಗುತ್ತಾರೆ. ವೃದ್ಧಾಪ್ಯದ ಮರೆವಿನಂತೆ ಕಾಣುವ ಸಮಸ್ಯೆಗಳಲ್ಲಿ ಪೂರ್ತಿ ಗುಣವಾಗಬಲ್ಲ ಕೆಲವೇ ಕೆಲವುಗಳಲ್ಲಿ ಇದೊಂದು, ಅದನ್ನೇ ನಾವು ಕೈಚೆಲ್ಲುತ್ತೇವೆ. ಭಾರತದಲ್ಲಿ ಮಿದುಳಿನ ಪೆಟ್ಟುಗಳ ಸುಮಾರು ಶೇ 20ರಿಂದ 25 ಬೀಳುವುದರಿಂದ ಎಂದು ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ 2002ರಲ್ಲೇ ಬರೆದಿದ್ದರು. ಹೆಲ್ಮೆಟ್ಟಿನ ಬಗ್ಗೆ ಇಷ್ಟು ವರ್ಷ ಮಾತಾಡಿದ ನಾವು ಕೈಗೋಡೆಯ ಬಗ್ಗೆ ಮಾತಾಡಿದ್ದು ಕಡಿಮೆ.

ಮಕ್ಕಳ ಮೊಣಕೈಯದ್ದು ಇನ್ನೂ ದೀರ್ಘ ಕಥೆ. ತಾರಸಿಯಿಂದಲೋ ಜಗಲಿಯಿಂದಲೋ ಬಿದ್ದು ಮೊಣಕೈಯ ಹತ್ತಿರ ಮುರಿದಾಗ ಬಿಗಿಯಾಗಿ ಕಟ್ಟಿದರೆ ಕೆಲವೇ ಗಂಟೆಗಳಲ್ಲಿ ಮುಂಗೈಯ ಸ್ನಾಯುಗಳಿಗೆ ರಕ್ತ ನಿಂತು, ಬೆರಳುಗಳು ಜೀವಮಾನವಿಡೀ ಮಡಚಿದಂತೆಯೇ ಉಳಿಯಬಹುದು. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಬಿಡಿಸಲು ಹೋದಾಗ ಮಗು ಕಿರುಚಿದರೆ ಆ ಕ್ಷಣವೇ ಕಟ್ಟು ಬಿಚ್ಚಬೇಕು, ಬೆಳಗಾಗಲಿ ಎಂದು ಕಾಯಬಾರದು. ಸೊಟ್ಟವಾಗಿ ಕೂಡಿದ ಮೊಣಕೈ ಬೇರೆ ರೀತಿಯಲ್ಲಿ ಸೇಡು ತೀರಿಸಿಕೊಳ್ಳುತ್ತದೆ: ಆರು ವರ್ಷಕ್ಕೆ ಬಿದ್ದ ಹುಡುಗನಿಗೆ ಇಪ್ಪತ್ತು, ಮೂವತ್ತು ವರ್ಷದ ನಂತರ ಕಿರುಬೆರಳು ಮರಗಟ್ಟಿ ಕೈ ಸಣಕಲಾಗಬಹುದು, ಏಕೆಂದರೆ ಸೊಟ್ಟ ಕೀಲಿನ ಸುತ್ತ ನರ ಇಷ್ಟು ವರ್ಷವೂ ಎಳೆದಾಡಿ ಸವೆದಿರುತ್ತದೆ. ಹಾಗೆಯೇ ಐವತ್ತರ ಹೆಣ್ಣುಮಗಳು ಕೈಯೂರಿ ಬಿದ್ದು ಮಣಿಕಟ್ಟು ಮುರಿದುಕೊಂಡರೆ, ಮಣಿಕಟ್ಟು ವಾಸಿಯಾಗುತ್ತದೆ. ಆದರೆ ಮುಂದೆ ಸೊಂಟ ಮುರಿಯುವ ಸಂಭವ ಇತರರಿಗಿಂತ ಹೆಚ್ಚು ಎಂದು ಅದು ಮುಂಚೆಯೇ ತಿಳಿಸಿರುತ್ತದೆ. ಆ ಹೊತ್ತಿನಲ್ಲಿ ಮೂಳೆಯ ಸಾಂದ್ರತೆ ನೋಡುವವರು ಎಷ್ಟು ಮಂದಿ?

ಮೂಳೆಯ ಮಾತು ಬಂದರೆ ಜಗಳೂರಿನಲ್ಲಿ ನೀರಿನ ಮಾತು ಬರಲೇಬೇಕು. ಕೊಳವೆ ಬಾವಿ ಆಳಕ್ಕೆ ಇಳಿದಷ್ಟೂ ಫ್ಲೋರೈಡ್ ಕಾಟ ಹೆಚ್ಚಾದ ತಾಲ್ಲೂಕು ಇದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎಂದು ಭಾರತೀಯ ಮಾನಕ ಸಂಸ್ಥೆ ಹೇಳುತ್ತದೆ. ಹಲ್ಲು ಕಂದಾಗುವುದನ್ನು ಎಲ್ಲರೂ ಬಲ್ಲರು. ಮೂಳೆಯೊಳಗೆ ಆಗುವುದು ಹೆಚ್ಚು ಮೋಸದ್ದು. ಫ್ಲೋರೈಡ್ ಮೂಳೆಯನ್ನು ದಪ್ಪವಾಗಿಸುತ್ತದೆ, ಎಕ್ಸ್‌ರೇಯಲ್ಲಿ ಅದು ಬೆಳ್ಳಗೆ ಗಟ್ಟಿಯಾಗಿ ಕಾಣುತ್ತದೆ. ಹೀಗಾಗಿ ಒಂದು ಕಾಲದಲ್ಲಿ ಅದನ್ನೇ ಔಷಧಿಯಾಗಿ ಪ್ರಯತ್ನಿಸಿದರು. ಅಮೆರಿಕದ ಮೇಯೊ ಕ್ಲಿನಿಕ್ಕಿನ ರಿಗ್ಸ್ ಮತ್ತು ಸಂಗಡಿಗರು ಮೂಳೆ ಸವೆದ 202 ಮಹಿಳೆಯರಲ್ಲಿ ಒಂದು ಗುಂಪಿಗೆ ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್ ಕೊಟ್ಟು 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತ್ತು. ಬೆನ್ನುಮೂಳೆಯ ಮುರಿತ ಗಮನಾರ್ಹವಾಗಿ ಇಳಿಯಲಿಲ್ಲ, ಕೈಕಾಲು ಸೊಂಟಗಳ ಮುರಿತ ಹೆಚ್ಚಾಯಿತು. ಮೂಳೆ ದಪ್ಪವಾಗಿತ್ತು, ಗಟ್ಟಿಯಾಗಿರಲಿಲ್ಲ. ಸುಟ್ಟ ಇಟ್ಟಿಗೆಯಂತೆ ಭಾರವಿದ್ದೂ ಪೆಟ್ಟಿಗೆ ಬಿರಿಯುವ ಗುಣ. 2001ರಲ್ಲಿ ಚೀನಾದ ಆರು ಗ್ರಾಮೀಣ ಪ್ರದೇಶಗಳ ಐವತ್ತು ದಾಟಿದ ಎಂಟು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನ ಇದನ್ನೇ ನೀರಿನಲ್ಲಿ ತೋರಿಸಿತು: ಲೀಟರಿಗೆ 1 ಮಿಲಿಗ್ರಾಂ ಆಸುಪಾಸು ಇದ್ದಲ್ಲಿ ಮುರಿತ ಅತಿ ಕಡಿಮೆ, 4.3 ಮಿಲಿಗ್ರಾಂ ದಾಟಿದಲ್ಲಿ ಸೊಂಟದ ಮುರಿತ ಹೆಚ್ಚು.

ಫ್ಲೋರೈಡ್ ಹೆಚ್ಚಾದರೆ ಬೆನ್ನುಮೂಳೆಯನ್ನು ಹಿಡಿದಿಡುವ ಕಟ್ಟುನಾರುಗಳೂ ಸುಣ್ಣಗಟ್ಟುತ್ತವೆ. ಕುತ್ತಿಗೆ ತಿರುಗಿಸಲಾಗದವನಿಗೆ ಕಾಲ ಬುಡದ ಹೊಸ್ತಿಲು ಕಾಣುವುದಿಲ್ಲ, ಎಡವಿದಾಗ ಮೈ ಸಂಭಾಳಿಸಿಕೊಳ್ಳಲೂ ಆಗುವುದಿಲ್ಲ. ಬೆನ್ನುಹುರಿಯ ದಾರಿ ಮೊದಲೇ ಕಿರಿದಾಗಿರುವುದರಿಂದ ಬೇರೆಯವರು ಮೈ ಕೊಡವಿ ಎದ್ದು ಹೋಗುವಂಥ ಬೀಳುವಿಕೆಯಲ್ಲೂ ಇಂಥವರ ಕಾಲಿನ ಶಕ್ತಿ ಹೋಗಬಹುದು. ಈಗ ಊರೂರಿನಲ್ಲಿ ಶುದ್ಧ ನೀರಿನ ಘಟಕ ಬಂದಿದೆ, ತುಂಗಭದ್ರೆಯ ನೀರಿನಿಂದ 57 ಕೆರೆ ತುಂಬಿಸುವ ಯೋಜನೆ ನಡೆದಿದೆ, ಒಳ್ಳೆಯದೇ. ಆದರೆ ಮೂವತ್ತು ವರ್ಷ ಕೊಳವೆ ಬಾವಿ ನೀರು ಕುಡಿದವರ ಮೂಳೆಯಲ್ಲಿ ಸೇರಿದ್ದು ಘಟಕ ಬಂದ ಮರುದಿನ ಹೊರಗೆ ಹೋಗುವುದಿಲ್ಲ, ಅದಕ್ಕೆ ಹಲವು ವರ್ಷಗಳೇ ಬೇಕು. ಇಂದಿನ ಅರವತ್ತು, ಎಪ್ಪತ್ತರ ಪೀಳಿಗೆ ಆ ನೀರು ಕುಡಿದ ಪೀಳಿಗೆ. ರಾಗಿಯಲ್ಲಿ ನೂರು ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ಎಂದು ಸಮಾಧಾನ ಮಾಡಿಕೊಳ್ಳಬಹುದು, ಆದರೆ ಬಿದ್ದ ಮೇಲೆ ಕೋಣೆ ಬಿಟ್ಟು ಹೊರಬರದವರಿಗೆ ಬಿಸಿಲೂ ಇಲ್ಲ, ಅದರಿಂದ ಬರುವ ವಿಟಮಿನ್ ಡಿ ಕೂಡ ಇಲ್ಲ.

ಕೋಣೆ ಬಿಡದಿರುವುದಕ್ಕೆ ನೋವಿಗಿಂತ ಭಯ ದೊಡ್ಡ ಕಾರಣ. ಒಮ್ಮೆ ಬಿದ್ದವರು ಮತ್ತೆ ಬಿದ್ದೇನು ಎಂದು ನಡಿಗೆ ಕಡಿಮೆ ಮಾಡುತ್ತಾರೆ, ನಡಿಗೆ ಕಡಿಮೆಯಾದಷ್ಟೂ ಕಾಲು ಸೋಲುತ್ತದೆ, ಕಾಲು ಸೋತಷ್ಟೂ ಮತ್ತೆ ಬೀಳುತ್ತಾರೆ. ರಾತ್ರಿ ಎದ್ದು ಹೋಗಬೇಕಾಗುತ್ತದೆಂದು ಸಂಜೆಯಿಂದ ನೀರೇ ಕುಡಿಯದ ಅಜ್ಜಿಯರಿದ್ದಾರೆ. ಬಿದ್ದದ್ದನ್ನು ಮುಚ್ಚಿಡುವವರೂ ಬಹಳ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಹಟ ಕೆಲವರದ್ದು; ಹೇಳಿದರೆ ಮಕ್ಕಳು ಹೊರಗೆ ಬಿಡುವುದಿಲ್ಲ, ಬೈಯುತ್ತಾರೆ ಎಂಬ ಅಂಜಿಕೆ ಹಲವರದ್ದು. ಆ ಅಂಜಿಕೆ ನಿಜವೇ. ನಿನಗ್ಯಾಕೆ ಬೇಕಿತ್ತು, ಕೂತಲ್ಲಿ ಕೂರಬಾರದಾ ಎಂದು ನಾವು ಗದರುತ್ತೇವೆ. ಕೂತಲ್ಲೇ ಕೂತವರು ಮುಂದೆ ಏಳುವುದಿಲ್ಲ.

ತಡೆಯುವ ದಾರಿಗಳು ತಿಳಿಯದ ವಿಷಯಗಳಲ್ಲ. ಕಾಲಿಗೆ ಬಲ ಕೊಡುವ, ಸಮತೋಲನ ಕಲಿಸುವ ವ್ಯಾಯಾಮದಿಂದ ಬೀಳುವುದು ಸುಮಾರು ಶೇ 23 ಕಡಿಮೆಯಾಗುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಕಾಕ್ರೇನ್ ಸಮೀಕ್ಷೆ ಹೇಳಿತು. ಮನೆಯೊಳಗಿನ ಅಪಾಯಗಳನ್ನು ಸರಿಪಡಿಸಿದರೆ ಶೇ 26, ಈಗಾಗಲೇ ಬಿದ್ದಿರುವಂಥ ಹೆಚ್ಚು ಅಪಾಯದವರಲ್ಲಿ ಶೇ 38 ಇಳಿಯುತ್ತದೆ ಎಂದಿತು 2023ರ ಇನ್ನೊಂದು ಸಮೀಕ್ಷೆ. ಕಣ್ಣಿನ ಪೊರೆ ಬೇಗ ತೆಗೆಸಿದ ವೃದ್ಧೆಯರು ಕಾಯುತ್ತ ಕೂತವರಿಗಿಂತ ಮೂರನೆಯ ಒಂದರಷ್ಟು ಕಡಿಮೆ ಬಿದ್ದರು ಎಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಪ್ರಯೋಗ 2005ರಲ್ಲಿ ತೋರಿಸಿತು. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಸಕ್ಕರೆ ಮಾತ್ರೆಗಳ ಚೀಟಿಯನ್ನು ವೈದ್ಯರು ಮತ್ತೊಮ್ಮೆ ನೋಡಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಎಷ್ಟೋ ತಪ್ಪುತ್ತದೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಆಸ್ಪತ್ರೆ ಬೇಕಿಲ್ಲ. ಬಚ್ಚಲ ಗೋಡೆಗೆ ಒಂದು ಕಬ್ಬಿಣದ ಹಿಡಿ ಹಾಕಲು ಗಾರೆಯವನಿಗೆ ಅರ್ಧ ದಿನ ಸಾಕು.

ಸರ್ಕಾರದ ಕಡೆಯಿಂದ ಏನೂ ಇಲ್ಲ ಎನ್ನುವಂತಿಲ್ಲ. 108 ಆಂಬುಲೆನ್ಸ್ 2008ರಿಂದ ಓಡುತ್ತಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಅಂಗವಿಕಲರ ಪುನರ್ವಸತಿಗೆಂದೇ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಬಡ ವೃದ್ಧರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಬಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಬಿದ್ದು ನಡೆಯಲಾಗದವರಿಗೂ ಶೇ 40 ಅಥವಾ ಅದಕ್ಕಿಂತ ಹೆಚ್ಚು ಊನವಿದ್ದರೆ ಗುರುತಿನ ಚೀಟಿ ಸಿಗುತ್ತದೆ; ಹುಟ್ಟಿನಿಂದ ಬಂದ ಊನಕ್ಕೆ ಮಾತ್ರ ಅದು ಎಂದುಕೊಂಡು ಅರ್ಜಿಯನ್ನೇ ಹಾಕದ ಅಜ್ಜ ಅಜ್ಜಿಯರು ಎಷ್ಟೋ.

ನನ್ನ ಆಕ್ಷೇಪ ಬೇರೆಯದು. ಈ ಹಣ, ಈ ಗಮನ ಎಲ್ಲವೂ ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ರಾಡು ಹಾಕಿ ಹೊಲಿಗೆ ಬಿಚ್ಚಿದ ಮೇಲೆ ರೋಗಿ ನಡೆದಾಡುತ್ತಿದ್ದಾಳೋ ಮಲಗಿದ್ದಾಳೋ ಎಂದು ತಾಲ್ಲೂಕಿನ ಸೊಕ್ಕೆಯಲ್ಲೋ ಬಿಳಿಚೋಡಿನಲ್ಲೋ ಮನೆಗೆ ಹೋಗಿ ನೋಡುವ ಹೊಣೆ ಯಾರದೂ ಅಲ್ಲ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಒಬ್ಬ ಫಿಸಿಯೋಥೆರಪಿಸ್ಟ್ ಬಂದು ಎಬ್ಬಿಸಿ ನಡೆಸಿದರೆ ಲಕ್ಷ ರೂಪಾಯಿಯ ಶಸ್ತ್ರಚಿಕಿತ್ಸೆಗೆ ಬೆಲೆ ಬರುತ್ತದೆ. ಯಾರೂ ಬರದಿದ್ದರೆ ಅಷ್ಟೂ ವ್ಯರ್ಥ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ. ನಾಲ್ಕು ವ್ಯಾಯಾಮ ಕಲಿಸಿ ಕಳಿಸಿದರೆ ಅವರೇ ಮಾಡಿಸಬಲ್ಲರು, ಅದಕ್ಕೆ ತಕ್ಕ ಗೌರವಧನ ಕೊಡಬೇಕು ಅಷ್ಟೆ. ಬಿಪಿ, ಸಕ್ಕರೆ ನೋಡಲು ಮನೆ ಬಾಗಿಲಿಗೆ ಹೋಗುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ವರ್ಷಕ್ಕೊಮ್ಮೆಯಾದರೂ ಪ್ರತಿ ವೃದ್ಧರನ್ನು ಬಿದ್ದ ಬಗ್ಗೆ ಕೇಳಬೇಕೆಂದು 2022ರ ಜಾಗತಿಕ ಮಾರ್ಗಸೂಚಿ ಹೇಳಿದೆ. ಆ ಒಂದು ಪ್ರಶ್ನೆಯನ್ನು ಈ ಯೋಜನೆಯ ನಮೂನೆಗೆ ಸೇರಿಸಲು ಖರ್ಚೇನೂ ಇಲ್ಲ.

ಸರ್ಕಾರ ಸೇರಿಸುವವರೆಗೆ ಓದುಗರು ಕಾಯಬೇಕಿಲ್ಲ. ಮನೆಯ ಹಿರಿಯರನ್ನು ಗದರದೆ ಕೇಳಿ: ಈ ವರ್ಷ ಎಲ್ಲಾದರೂ ಬಿದ್ದಿದ್ದಿರಾ? ಹೌದು ಎಂದರೆ ಅವರ ಕಣ್ಣು, ಮಾತ್ರೆ ಚೀಟಿ, ಬಚ್ಚಲ ನೆಲ ಮೂರನ್ನೂ ಈ ವಾರವೇ ನೋಡಿ.